ಆ ಕಲ್ಲಿನ ಮೇಲೆ ನಿಮ್ಮ ಹೆಸರು ಯಾಕ್ರೀ ಬೇಕು?

ಬಾದಾಮಿಗೆ ಹೋದೋರು ಕಲ್ಲು ಗೀಚೋದನ್ನ ಯಾವಾಗ ಬಿಡ್ತಾರೋ ದೇವರೇ ಬಲ್ಲ. ಬೆಳಿಗ್ಗೆ ಬಿಸಿಲೇರೋ ಮುಂಚೆ ಅಗಸ್ತ್ಯ ತೀರ್ಥ ಅನ್ನೋ ಕೆರೆಯ ದಂಡೆ ಹಿಡ್ಕೊಂಡು ನಿಧಾನಕ್ಕೆ ಭೂತನಾಥ ಗುಡಿ ತನಕ ನಡ್ಕೊಂಡು ಹೋಗೋಣ, ಮಂಟಪದಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂರೋಣ, ಮೆಟ್ಟಿಲ ಮೇಲೆ ಬಟ್ಟೆ ಒಗೆಯೋ ಸದ್ದು ಎದುರಿನ ಕೆಂಪು ಬಂಡೆಗೆ ಬಡಿದು ವಾಪಸ್ ಬರೋದು ಕೇಳೋಣ ಅಂತ ಆಸೆಯಿಂದ ಹೋಗಿರ್ತೀವಿ, ಹೋಗಿ ನೋಡಿದ್ರೆ ಯಾವನೋ ಕೀಲಿಕೈಲಿ ಕೆರೆದಿರೋ ಹಾರ್ಟು, ಅದ್ರೊಳಗೆ ಎರಡಕ್ಷರ, ಕೆಳಗೆ ಡೇಟು. ಮೈಯೆಲ್ಲಾ ಉರಿದುಹೋಗುತ್ತೆ.

ಗೀಚ್ತಾ ಇದ್ದ ಒಬ್ಬ ಹುಡುಗನ್ನ ತಡೆದು ಕೇಳಿದ್ರೆ "ಹಿಂದಿನೋರೂ ಕೆತ್ತಿದಾರಲ್ಲ ಸಾರ್" ಅಂತ ನನಗೇ ವಾದ ಮಾಡ್ದ.

ಹೌದಪ್ಪಾ, ಕೆತ್ತಿದಾರೆ. ಕ್ರಿ.ಶ. 543ರಲ್ಲಿ ಚಾಲುಕ್ಯ ದೊರೆ ಮೊದಲನೇ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ್ದನ್ನ ಬಂಡೆ ಮೇಲೆ ಕೆತ್ತಿಸಿದ. ಇಲ್ಲಿನ ಗುಹಾ ದೇವಾಲಯಗಳಲ್ಲಿ ಮೂರನೇದ್ರಲ್ಲಿ ಅವನ ಮಗ ಮಂಗಳೇಶನ 578ರ ಶಾಸನ ಇದೆ. ಊರನ್ನ ಗೆದ್ದ ಪಲ್ಲವರ ನರಸಿಂಹವರ್ಮನ ಶಾಸನಾನೂ ಇಲ್ಲೇ ಇದೆ. ಕೆರೆ ಪಕ್ಕದ ಬಂಡೆ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆಯಲ್ಲ, ಕನ್ನಡದ ಅತಿ ಹಳೇ ತ್ರಿಪದಿಗಳು ಸಿಗೋದೇ ಅದ್ರಲ್ಲಿ. ಶಿಲ್ಪಿಗಳೂ ಹೆಸರು ಕೆತ್ತಿದಾರೆ, ಒಪ್ತೀನಿ, ಆದ್ರೆ ಅವ್ರು ಇಡೀ ಗುಡ್ಡ ಕೊರೆದು ಹದಿನೆಂಟು ಕೈಯ ನಟರಾಜನ್ನ ನಿಲ್ಲಿಸಿದ ಜನ ಕಣಯ್ಯಾ, ನೀನೇನು ಮಾಡಿದೀಯಾ ಆ ಕಲ್ಲಿಗೆ?

ಇದು ಮರಳುಗಲ್ಲು. ಸುಣ್ಣದ ಗೋಡೆ ಅಲ್ಲ, ಮತ್ತೆ ಬಳಿಯೋಕೆ. ಒಂದ್ಸಲ ಕೆರೆದ್ರೆ ಆ ಪದರ ಹೋಯ್ತು, ಅದನ್ನ ಅಳಿಸ್ಬೇಕು ಅಂದ್ರೆ ಸುತ್ತಲಿನ ಕಲ್ಲನ್ನೂ ಉಜ್ಜಿ ತೆಗೀಬೇಕು, ಪಕ್ಕದಲ್ಲಿ ಹಳೇ ಅಕ್ಷರ ಇದ್ರೆ ಅದೂ ಹೋಯ್ತು.

ಇನ್ನೂ ಹೊಟ್ಟೆ ಉರಿಯೋದು ಓದಿದ ಅಪ್ಪ ಅಮ್ಮಂದಿರನ್ನ ನೋಡಿದಾಗ. ಮಗೂನ ಎತ್ಕೊಂಡು ನಿಂತು ಅದರ ಕೈಲಿ ಹೆಸರು ಬರೆಸ್ತಾರೆ, ಫೋಟೋ ಬೇರೆ ತೆಗೀತಾರೆ! ಏನಾದ್ರೂ ಹೇಳಿದ್ರೆ "ಮಗು ಅಲ್ವಾ ಬಿಡಿ" ಅಂತಾರೆ, ನಾವೇ ಕೆಟ್ಟೋರು. ಕಾವಲಿನವ್ರಿಗೆ ಹೇಳಿದ್ರೆ, ಪಾಪ ಅವ್ರು ತಾನೇ ಎಷ್ಟು ಜನದ ಹಿಂದೆ ಓಡ್ತಾರೆ.

1958ರ ಸ್ಮಾರಕ ಕಾಯ್ದೆ ಪ್ರಕಾರ ಹೀಗೆ ಹಾಳು ಮಾಡಿದೋರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಹಾಕಬಹುದು. ಹಾಕಿ ಮತ್ತೆ! ಗೀಚಿದೋನೇ ಹೆಸರು, ಊರು, ತಾರೀಖು ಎಲ್ಲಾ ಬರೆದು ಹೋಗಿರ್ತಾನೆ, ಇನ್ನೇನು ಸಾಕ್ಷಿ ಬೇಕು ನಿಮಗೆ?