ಫ್ಲೆಕ್ಸ್‌ನಲ್ಲಿದ್ದದ್ದು ಅಪ್ಪನ ರಜಪೂತ್ ಅಲ್ಲ

ಇವತ್ತು ನೌಕಾಪಡೆ ದಿನ ಅಂತ ನಮ್ಮ ಬಡಾವಣೆಯ ಶಾಲೆಯೊಂದಕ್ಕೆ ಅಪ್ಪನನ್ನು ಕರೆದಿದ್ದರು. ವೇದಿಕೆಯ ಹಿಂದೆ ದೊಡ್ಡ ಫ್ಲೆಕ್ಸ್. '1971ರಲ್ಲಿ ಘಾಜಿಯನ್ನು ಮುಳುಗಿಸಿದ ಐಎನ್‌ಎಸ್ ರಜಪೂತ್' ಎಂದು ಬರೆದಿತ್ತು. ಘಾಜಿ ಅಂದರೆ ಆ ವರ್ಷದ ಯುದ್ಧದಲ್ಲಿ ಮುಳುಗಿದ ಪಾಕಿಸ್ತಾನದ ಸಬ್‌ಮರೀನ್. ಫೋಟೊ ನೋಡಿ ಮೈ ಉರಿದುಹೋಯಿತು. ಅದು ಸೋವಿಯತ್ ಒಕ್ಕೂಟದಲ್ಲಿ ಕಟ್ಟಿ 1980ರಲ್ಲಿ ಸೇವೆಗೆ ಬಂದ ರಜಪೂತ್. 1971ರಲ್ಲಿ ಆ ಹಡಗು ಇರಲೇ ಇಲ್ಲ!

ಪ್ರತಿ ಡಿಸೆಂಬರ್ 4ಕ್ಕೆ ಫೇಸ್‌ಬುಕ್ಕಿನಲ್ಲೂ ಇದೇ ತಪ್ಪು ಫೋಟೊ. ಸಾಕಾಗಿದೆ ನನಗೆ.

ಅಪ್ಪ ಹಳೆಯ ರಜಪೂತ್‌ನಲ್ಲಿ ಸ್ಟೋಕರ್, ಅಂದರೆ ಬಾಯ್ಲರ್ ನೋಡಿಕೊಳ್ಳುವ ನಾವಿಕ, ಆಗಿದ್ದದ್ದು ನಿಮಗೆಲ್ಲ ಗೊತ್ತು. ಆ ಹಡಗನ್ನು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ಕಟ್ಟಿ 1942ರಲ್ಲಿ ನೀರಿಗಿಳಿಸಿದರು. ಆಗ ಅದು ಬ್ರಿಟಿಷ್ ನೌಕಾಪಡೆಯದು, ಹೆಸರು ಎಚ್‌ಎಂಎಸ್ ರಾದರ್‌ಹ್ಯಾಮ್. ಎರಡನೇ ಮಹಾಯುದ್ಧದಲ್ಲಿ ಹಿಂದೂ ಮಹಾಸಾಗರದಲ್ಲೂ ದುಡಿಯಿತು. 1949ರಲ್ಲಿ ನಮ್ಮದಾಯಿತು. ಅದರ ಜೊತೆಯ ಹಡಗುಗಳಲ್ಲಿ ರಿಡೌಟ್ ನಮ್ಮಲ್ಲಿ ರಣಜಿತ್ ಆಯಿತು, ರೈಡರ್ ರಾಣಾ ಆಯಿತು.

1971ರ ಹೊತ್ತಿಗೆ ಅದು ಮುದಿ ಹಡಗು. ಸೇವೆಯಿಂದ ಬಿಡಿಸುವ ಕಾಲ ಬಂದಿತ್ತು. ಅಂಥ ಹಡಗನ್ನೇ ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ನಮ್ಮ ವಿಮಾನವಾಹಕ ಹಡಗು ವಿಕ್ರಾಂತ್‌ನ ವೇಷ ಹಾಕಿಸಿ ಬಳಸಿದರು. ನಿಜವಾದ ವಿಕ್ರಾಂತ್ ಅಂಡಮಾನ್ ಕಡೆ ಅಡಗಿತ್ತು. ರಜಪೂತ್ ವಿಶಾಖಪಟ್ಟಣದ ಹತ್ತಿರದಿಂದ ವಿಕ್ರಾಂತ್‌ನಂತೆ ರೇಡಿಯೊ ಸಂದೇಶ ಕಳಿಸುತ್ತಿತ್ತು. ವಿಕ್ರಾಂತ್ ಅಲ್ಲೇ ಇದೆ ಎಂದು ಶತ್ರು ನಂಬಬೇಕಿತ್ತು. ಡಿಸೆಂಬರ್ 3ರ ನಡುರಾತ್ರಿ ಲೆಫ್ಟಿನೆಂಟ್ ಕಮಾಂಡರ್ ಇಂದರ್ ಸಿಂಗ್ ಅದನ್ನು ಬಂದರಿನಿಂದ ಹೊರಗೆ ತಂದರು. ನೀರು ಕಲಕಿದ್ದು ಕಂಡು ಎರಡು ಡೆಪ್ತ್ ಚಾರ್ಜ್ (ನೀರಿನಾಳದಲ್ಲಿ ಸಿಡಿಯುವ ಬಾಂಬ್) ಹಾಕಿಸಿದರು. ನೀರೊಳಗಿನಿಂದ ಸಬ್‌ಮರೀನ್ ದಾಳಿ ಮಾಡಿದ್ದರೆ ಅದರ ಮೊದಲ ಟಾರ್ಪಿಡೊ ಈ ಮುದಿ ಹಡಗಿಗೇ ಬೀಳುತ್ತಿತ್ತು. ಬಾಯ್ಲರ್ ರೂಮಿನವರಿಗೆ ಮೇಲೆ ಏನಾಗುತ್ತಿದೆ ಎಂದು ಕಾಣುವುದೂ ಇಲ್ಲ.

ಆ ರಾತ್ರಿ ಘಾಜಿ ಅಲ್ಲೇ ಮುಳುಗಿತು. ತನ್ನದೇ ಮೈನ್ (ಸಮುದ್ರದಲ್ಲಿ ಹುದುಗಿಸುವ ಬಾಂಬ್) ಸಿಡಿದು ಮುಳುಗಿತು ಎಂದು ಪಾಕಿಸ್ತಾನ ಹೇಳುತ್ತದೆ. ಆ ವಾದ ಇರಲಿ. ಅವತ್ತು ಹೊರಟ ಹಡಗು ಯಾವುದು ಎನ್ನುವುದರಲ್ಲಿ ವಾದವೇ ಇಲ್ಲವಲ್ಲ?

"ಹೆಸರು ಒಂದೇ ಅಲ್ವಾ ಸರ್, ನೌಕಾಪಡೆಯೇ ಇಟ್ಟದ್ದು" ಎಂದರು ಸಂಘಟಕರು. ಹೌದು, ಹಳೆಯ ಹೆಸರು ಹೊಸ ಹಡಗಿಗೆ ಇಡುವುದು ಸಂಪ್ರದಾಯ, ಒಳ್ಳೆಯದೇ. ಮೊಮ್ಮಗನಿಗೆ ತಾತನ ಹೆಸರಿಡುತ್ತೇವೆ. ಆದರೆ ತಾತನ ಫೋಟೊ ಜಾಗದಲ್ಲಿ ಮೊಮ್ಮಗನ ಫೋಟೊ ಹಾಕಿ ಹಾರ ಹಾಕುತ್ತೇವೆಯೇ?

ಅಪ್ಪ ಅಲ್ಲಿ ಏನೂ ಅನ್ನಲಿಲ್ಲ. ಮಕ್ಕಳು ಕೊಟ್ಟ ಹೂವು ಹಿಡಿದುಕೊಂಡು ಕೂತಿದ್ದರು. ಕಾರಿನಲ್ಲಿ ಮಾತ್ರ, "ಆ ಫ್ಲೆಕ್ಸ್‌ನ ಹಡಗಿಗೆ ಬಾಯ್ಲರೇ ಇರಲಿಲ್ಲ ಕಣೋ, ಗ್ಯಾಸ್ ಟರ್ಬೈನು" ಎಂದರು. ಶಾಲೆಗೆ ಮೊದಲೇ ಫೋನ್ ಮಾಡಿ ಸರಿಯಾದ ಫೋಟೊ ಕಳಿಸಬೇಕಿತ್ತು ನಾನು. ಮಾಡಲಿಲ್ಲ. ಅದು ಇನ್ನೂ ಚುಚ್ಚುತ್ತಿದೆ.

ಹಳೆಯ ಹಡಗನ್ನು 1976ರಲ್ಲಿ ಒಡೆದು ಗುಜರಿಗೆ ಹಾಕಿದರು. ಉಳಿದಿರುವುದು ಫೋಟೊ ಮಾತ್ರ. ದಯವಿಟ್ಟು ಶೇರ್ ಮಾಡುವ ಮುನ್ನ ಒಮ್ಮೆ ನೋಡಿ. ಹಳೆಯದಕ್ಕೆ ಹೊಗೆಗೊಳವೆ ಒಂದೇ, ಪಕ್ಕದಲ್ಲಿ ಡಿ141 ಎಂದಿರುತ್ತದೆ. ಡಿ51 ಎಂದಿದ್ದರೆ ಅದು ಹೊಸದು.