ಮಟಮಟ ಮಧ್ಯಾಹ್ನದ ಆಮ್ಲಜನಕ

ಚಳಿಗಾಲಕ್ಕೆ ಆಲಮಟ್ಟಿ ಹಿನ್ನೀರಿಗೆ ರಾಜಹಂಸಗಳು ಬರುತ್ತವೆ. ಬಾಗಲಕೋಟೆ, ವಿಜಯಪುರದ ಕಡೆ ಎಲ್ಲರಿಗೂ ಹೆಮ್ಮೆ, ಫೋಟೊ ಮುಗಿಯುವ ತನಕ. ಹಕ್ಕಿ, ಮೀನು ಬದುಕುವ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ‘ಡಿ’ ದರ್ಜೆಯ ಅಳತೆ ಇಟ್ಟಿದೆ: ಹುಳಿ-ಕ್ಷಾರ ತೋರಿಸುವ ಪಿಎಚ್ 6.5ರಿಂದ 8.5, ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ, ಮುಕ್ತ ಅಮೋನಿಯಾ ಹೆಚ್ಚೆಂದರೆ 1.2. ಅಳೆಯುವ ಹೊತ್ತನ್ನು ಮಾತ್ರ ಗಿರ್ಮಿಟ್, ಮಿರ್ಚಿ, ಚಹಾ ಸೇರಿ ತೀರ್ಮಾನಿಸುತ್ತವೆ.

ಅಳೆಯುವ ಸಾಹೇಬರ ಜೀಪು ಊರ ಕೆರೆ ಮುಟ್ಟುವಾಗ ಹನ್ನೆರಡು. ನೀರು ಅಂಬಲಿಯಂತೆ ಹಸಿರು. ನೆತ್ತಿ ಸುಡುವ ಬಿಸಿಲಿಗೆ ಹಾವಸೆ ಆಮ್ಲಜನಕ ಉಗುಳುತ್ತಿರುತ್ತದೆ. 30 ಡಿಗ್ರಿ ನೀರು ಸಹಜವಾಗಿ ಹಿಡಿಯುವುದು ಸುಮಾರು 7.5 ಮಿಲಿಗ್ರಾಂ, ಇಲ್ಲಿ 14 ಸಿಕ್ಕರೂ ಅಚ್ಚರಿಯಿಲ್ಲ. ವರದಿ: ‘ಅತ್ಯುತ್ತಮ’. ಹಾವಸೆ ಇಂಗಾಲದ ಡೈಆಕ್ಸೈಡ್ ಹೀರಿದ್ದಕ್ಕೆ ಪಿಎಚ್ ಒಂಬತ್ತು ದಾಟಿರುತ್ತದೆ, ಅದರಿಂದಲೇ ಅಮೋನಿಯಾ ವಿಷವಾಗುತ್ತದೆ. ಆ ಕಾಲಂ ಖಾಲಿ.

“ಸಾಹೇಬ್ರ, ಕೋಳಿ ಕೂಗೂ ಹೊತ್ತಿಗೆ ಬರ್ರಿ, ಮೀನು ಮ್ಯಾಲೆ ಬಂದು ಬಾಯಿ ಬಡೀತಾವ” ಎನ್ನುತ್ತಾನೆ ಬಲೆಯವನು. ರಾತ್ರಿ ಹಾವಸೆಯೂ ಉಸಿರಾಡುತ್ತದೆ, ತಳದ ರಾಡಿಯೂ ಕೊಳೆಯುತ್ತದೆ. ಬೆಳಗಿನ ಐದಕ್ಕೆ ಅದೇ ಕೆರೆಯಲ್ಲಿ 2 ಮಿಲಿಗ್ರಾಂ ಉಳಿದರೆ ಪುಣ್ಯ.

ಮಾದರಿ ಹಿಡಿಯುವುದೂ ಒಂದು ಕಲೆ. 300 ಮಿಲಿ ಗಾಜಿನ ಬಾಟಲಿಯನ್ನು ಗುಳ್ಳೆಯಿಲ್ಲದೆ ತುಂಬಿ, ದಂಡೆಯಲ್ಲೇ ಮ್ಯಾಂಗನೀಸ್ ಸಲ್ಫೇಟ್, ಕ್ಷಾರ-ಅಯೊಡೈಡ್-ಅಝೈಡ್ ಹಾಕಿ ಆಮ್ಲಜನಕವನ್ನು ಕಟ್ಟಬೇಕು. ಇಲ್ಲಿ ಕುಡಿದು ಬಿಟ್ಟ ಪ್ಲಾಸ್ಟಿಕ್ ಬಾಟಲಿ, ಅರ್ಧ ನೀರು, ಅರ್ಧ ಗಾಳಿ, ಸೀಟಿನ ಕೆಳಗೆ ಕುಲುಕಾಟ. ಪ್ರಯೋಗಾಲಯದಲ್ಲಿ ಸಿಗುವುದು ಕೆರೆಯ ಲೆಕ್ಕವಲ್ಲ, ರಸ್ತೆಯ ತಗ್ಗುಗಳ ಲೆಕ್ಕ.

ಪರಿಹಾರವೂ ಇದೆ: ನೀರಿಗೆ ಗಾಳಿ ಬೆರೆಸಲು ಬಣ್ಣದ ದೀಪದ ಕಾರಂಜಿ, ಸಂಜೆ ಆರರಿಂದ ಒಂಬತ್ತು. ಮೀನಿಗೆ ಬೇಕಾದದ್ದು ನಡುರಾತ್ರಿಯಿಂದ ಸೂರ್ಯೋದಯದ ತನಕ, ಆಗ ಸ್ವಿಚ್ ಬಂದ್. ಹಸಿರು ಹೆಚ್ಚಾದರೆ ಮೈಲುತುತ್ತ. ಹಾವಸೆ ಒಂದೇ ಸಲ ಸತ್ತು ಕೊಳೆತು ಇದ್ದಬದ್ದ ಆಮ್ಲಜನಕವನ್ನೂ ನುಂಗುತ್ತದೆ; ನೀಲಿ-ಹಸಿರು ಜಾತಿಯದಾದರೆ ಒಡಲಿನ ವಿಷವನ್ನೂ ನೀರಿಗೆ ಬಿಡುತ್ತದೆ. ನೀರು ತಿಳಿಯಾಯಿತು, ಬಿಲ್ ಪಾಸ್.

ಚರಂಡಿ ನಾಲಾ, ಕಬ್ಬಿನ ಗದ್ದೆಯ ಬಸಿನೀರು ಮಾತ್ರ ನಿತ್ಯದ ಭಕ್ತರಂತೆ ಬರುತ್ತಲೇ ಇವೆ. 50 ಕೆಜಿಯ ಒಂದು ಡಿಎಪಿ ಗೊಬ್ಬರದ ಚೀಲದಲ್ಲಿ ಸುಮಾರು 10 ಕೆಜಿ ರಂಜಕ; ಅಷ್ಟೂ ಕೆರೆ ಸೇರಿದರೆ ಒಣತೂಕದಲ್ಲೇ ಒಂದು ಟನ್ ಹಾವಸೆಗೆ ಸಾಕು. ನಾಲಾ ತಿರುಗಿಸುವ ಕೆಲಸಕ್ಕೆ ಉದ್ಘಾಟನೆಯ ರಿಬ್ಬನ್ ಎಲ್ಲಿ ಕಟ್ಟುವುದು?

ಬೆಳಗಿನ ಐದಕ್ಕೆ ಮಾದರಿ ತೆಗೆಯಲು ಭತ್ಯೆ ಕೇಳಿದ ಕಡತ ಷರಾ ಹೊತ್ತು ವಾಪಸು ಬಂದಿದೆ: “ಸದರಿ ಮೀನುಗಳು ಕಚೇರಿ ವೇಳೆಯಲ್ಲಿ ಉಸಿರುಗಟ್ಟಲು ಸಾಧ್ಯವೇ ಎಂಬುದನ್ನು ಪರಿಶೀಲಿಸಿ ಮಂಡಿಸುವುದು.”