ಆ ಬಡಿತ ತೆಗೆಯಲು ಒಪ್ಪದ ಅಣ್ಣತಮ್ಮಂದಿರು

ನಿನ್ನೆ ರಾತ್ರಿ ಪಾತ್ರೆ ತೊಳೆಯುತ್ತಾ ಬ್ಯಾರಿ, ರಾಬಿನ್, ಮಾರಿಸ್ ಗಿಬ್ ಅನ್ನೋ ಮೂವರು ಅಣ್ಣತಮ್ಮಂದಿರ ತಂಡ ಬೀ ಜೀಸ್ ಅವರ 'ಯು ವಿನ್ ಅಗೇನ್' ಹಾಡು ಹಾಕಿಕೊಂಡಿದ್ದೆ. ಶುರುವಿನ ಬಡಿತ ಬಂತು. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಮತ್ತೆ ಮೊದಲಿಂದ ಹಾಕಿದೆ. ಯಾರೂ ಇನ್ನೂ ಬಾಯಿ ತೆರೆದಿರುವುದಿಲ್ಲ, ಅಷ್ಟರಲ್ಲೇ ಧಪ್ ಧಪ್ ಅಂತ ಯಾರೋ ಭಾರದ ಬೂಟು ಹಾಕಿಕೊಂಡು ಮರದ ಅಟ್ಟದ ಮೇಲೆ ನಡೆದು ಬಂದ ಹಾಗೆ ಕೇಳುತ್ತದೆ. ಈ ಹಾಡಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಅದೇ.

ಅದರ ಹಿಂದಿನ ಕಥೆ ಗೊತ್ತಾದ ಮೇಲೆ ಇಷ್ಟ ಇನ್ನೂ ಜಾಸ್ತಿ ಆಯ್ತು. ಆ ಡ್ರಮ್ ಸದ್ದುಗಳನ್ನು ಮಾರಿಸ್ ಗಿಬ್ ತಮ್ಮ ಗ್ಯಾರೇಜಿನಲ್ಲಿ ಕೂತು ಮಾಡಿದ್ದು. ಅಬ್ಬರ ಜಾಸ್ತಿ ಆಯ್ತು, ತೆಗೆದುಬಿಡಿ ಅಂತ ಸುತ್ತ ಇದ್ದವರೆಲ್ಲ ಹೇಳಿದರಂತೆ. ಮೂವರೂ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಇದು 1987ರ ಮಾತು. ಆಗ ಹೀಗೆ ಹಟ ಹಿಡಿಯೋದು ಅವರಿಗೆ ಸುಲಭ ಇರಲಿಲ್ಲ. 1977ರಲ್ಲಿ 'ಸ್ಯಾಟರ್ಡೇ ನೈಟ್ ಫೀವರ್' ಅನ್ನೋ ಡಿಸ್ಕೊ ಸಿನಿಮಾ ಇವರ ಹಾಡುಗಳ ಜೊತೆ ಬಂದಾಗ ಎಲ್ಲೆಲ್ಲೂ ಇವರದೇ ದನಿ. ಅಮೆರಿಕದಲ್ಲಿ ಸಾಲಾಗಿ ಆರು ಹಾಡು ನಂಬರ್ ಒನ್. ಆಮೇಲೆ ಡಿಸ್ಕೊ ಅಂದರೆ ಉರಿದು ಬೀಳುವ ಕಾಲ ಬಂತು. 1979ರ ಜುಲೈ 12ರಂದು ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು. ಆ ಸಿಟ್ಟಿನ ಏಟು ಜಾಸ್ತಿ ಬಿದ್ದದ್ದು ಬೀ ಜೀಸ್ ಮೇಲೆ. 1981ರ ಆಲ್ಬಮ್ಮನ್ನು ಕೇಳುವವರೇ ಇರಲಿಲ್ಲ.

ಹಾಗಂತ ಇವರು ಕಟ್ಟಿದ ಹಾಡು ಜನಕ್ಕೆ ಬೇಡವಾಗಿತ್ತಾ? ಬಾರ್ಬರಾ ಸ್ಟ್ರೈಸೆಂಡ್ ಅವರ 'ವುಮನ್ ಇನ್ ಲವ್' ಬರೆದವರು ಯಾರು? ಡಿಯಾನ್ ವಾರ್ವಿಕ್ ಅವರ 'ಹಾರ್ಟ್‌ಬ್ರೇಕರ್'? 1983ರಲ್ಲಿ ಕೆನ್ನಿ ರಾಜರ್ಸ್, ಡಾಲಿ ಪಾರ್ಟನ್ ಹಾಡಿ ಅಮೆರಿಕದಲ್ಲಿ ನಂಬರ್ ಒನ್ ಆದ 'ಐಲ್ಯಾಂಡ್ಸ್ ಇನ್ ದ ಸ್ಟ್ರೀಮ್'? ಎಲ್ಲ ಇವರದೇ. ಅಡುಗೆ ಬೇಕು, ಅಡುಗೆ ಮಾಡಿದವರು ಮಾತ್ರ ಪಂಕ್ತಿಯಲ್ಲಿ ಕೂರಬಾರದು. ಎಂಥ ಅನ್ಯಾಯ ಅಲ್ವಾ?

ಅದಕ್ಕೇ 'ಯು ವಿನ್ ಅಗೇನ್' ಗೆದ್ದದ್ದು ನನಗೆ ಅಷ್ಟು ದೊಡ್ಡದು. 1987ರ ಅಕ್ಟೋಬರಿನಲ್ಲಿ ಬ್ರಿಟನ್‌ನಲ್ಲಿ ನಾಲ್ಕು ವಾರ ನಂಬರ್ ಒನ್. ಅರವತ್ತರ, ಎಪ್ಪತ್ತರ, ಎಂಬತ್ತರ ದಶಕಗಳಲ್ಲಿ ಒಂದೊಂದರಲ್ಲೂ ಅಲ್ಲಿ ನಂಬರ್ ಒನ್ ಹಾಡು ಕೊಟ್ಟ ಮೊದಲ ತಂಡ ಇದು. ಜರ್ಮನಿಯಲ್ಲೂ ಮೊದಲ ಸ್ಥಾನ. ಅಮೆರಿಕದಲ್ಲಿ? 75. ಆ ಅಂಕಿ ನೋಡಿದಾಗಲೆಲ್ಲ ಈಗಲೂ ಹೊಟ್ಟೆ ಉರಿಯುತ್ತದೆ.

ಎಲ್ಲರೂ ಇದನ್ನು ಕಮ್‌ಬ್ಯಾಕ್ ಅಂತಾರೆ. ಆ ಮಾತು ನನಗೆ ಒಪ್ಪಿಗೆ ಇಲ್ಲ. ಅಷ್ಟೂ ವರ್ಷ ಬೇರೆಯವರ ಗಂಟಲಿಗೆ ಹಾಡು ಕಟ್ಟಿಕೊಡುತ್ತಲೇ ಇದ್ದವರು ಎಲ್ಲಿಗೆ ಹೋಗಿದ್ದರು, ವಾಪಸ್ ಬರೋಕೆ?

ಮಾರಿಸ್ 2003ರಲ್ಲಿ ತೀರಿಕೊಂಡರು. ಅವರ ಅವಳಿ ರಾಬಿನ್ 2012ರಲ್ಲಿ. ಈಗ ಇರುವುದು ಅಣ್ಣ ಬ್ಯಾರಿ ಒಬ್ಬರೇ. ದಯವಿಟ್ಟು ಈ ಹಾಡನ್ನು ಸುಮ್ನೆ ಫೋನ್ ಸ್ಪೀಕರಿನಲ್ಲಿ ಕೇಳಬೇಡಿ, ಆ ಬಡಿತ ಅದರಲ್ಲಿ ಸತ್ತೇ ಹೋಗುತ್ತದೆ. ಒಳ್ಳೆ ಹೆಡ್‌ಫೋನ್ ಹಾಕಿಕೊಳ್ಳಿ, ಸೌಂಡ್ ಸ್ವಲ್ಪ ಜಾಸ್ತಿ ಮಾಡಿ. ಮೊದಲು ಬರುವುದು ಮಾರಿಸ್ ಅವರ ಗ್ಯಾರೇಜು.